ಸ್ವಿಚ್ಚು ಕೊಡಿ ಸ್ವಾಮಿ, ಕಳ್ಳ ಪ್ಲಗ್ಗಿನ ಕಡೆ ನೂಕಬೇಡಿ!

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನಕ್ಕೆ ಎಂಜಿನ್ನು ಹೊಸದಲ್ಲ. ಗಾಣಕ್ಕೆ ಡೀಸೆಲ್ ಎಂಜಿನ್ನು ಕಟ್ಟಿ ಆಲೆಮನೆ ನಡೆಸಿದ ಜನ ನಾವು. ಟ್ರಾಕ್ಟರಿನ ಹೊಗೆಯ ಬಣ್ಣ ನೋಡಿಯೇ ನಾಜಲ್ ಹೋಗಿದೆಯೋ ರಿಂಗು ಹೋಗಿದೆಯೋ ಎಂದು ಹೇಳುವ ಒಬ್ಬನಾದರೂ ಪ್ರತಿ ಊರಿನಲ್ಲಿ ಸಿಗುತ್ತಾನೆ. ಇಂಥ ಜನಕ್ಕೆ ಈಗ ಹೊಸದೊಂದು ತಲೆಬಿಸಿ ಹತ್ತಿದೆ. ನಾಲ್ಕು ಸಿಲಿಂಡರಿನ ಕಾರು ಕೊಂಡರೆ, ರಸ್ತೆಯಲ್ಲಿ ಹೋಗುತ್ತ ಹೋಗುತ್ತ ಎರಡು ಸಿಲಿಂಡರು ಕೆಲಸ ನಿಲ್ಲಿಸಿಬಿಡುತ್ತವೆ! ಕೆಟ್ಟು ನಿಲ್ಲುವುದಲ್ಲ, ನಿಲ್ಲಲೆಂದೇ ಕಂಪೆನಿ ಮಾಡಿಟ್ಟಿರುವ ವ್ಯವಸ್ಥೆ ಅದು. ಹಾಗೆ ನಿಲ್ಲದಂತೆ ಮಾಡಿಕೊಡುತ್ತೇವೆ ಎಂದು ಬೆಂಕಿಪೊಟ್ಟಣದಷ್ಟು ಗಾತ್ರದ ಪ್ಲಗ್ಗೊಂದನ್ನು ಹಿಡಿದು ಇನ್ನೊಬ್ಬ ಮಾರಾಟಕ್ಕೆ ನಿಂತಿದ್ದಾನೆ.

ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ ಹಾಕಿಸಲು ನಮ್ಮ ಪ್ರೆಸ್ಸಿಗೆ ಬರುವವರು ಪ್ರೂಫು ನೋಡುವುದಕ್ಕಿಂತ ಹೆಚ್ಚು ಹೊತ್ತು ಕಾರಿನ ಮಾತು ಆಡುತ್ತಾರೆ. “ಅಣ್ಣ, ಸ್ಟೇರಿಂಗ್ ಕೆಳಗೆ ಒಂದು ಪ್ಲಗ್ಗು ಸಿಗುಸ್ಬುಟ್ರೆ ನಾಕೂ ಸಿಲಿಂಡ್ರು ಓಡ್ತವಂತೆ. ಹಾಕುಸ್ಲಾ, ಬ್ಯಾಡ್ವಾ?” ಎಂದು ಕೇಳುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಅಚ್ಚು ಹಾಕಿ ಹೇಳಿಬಿಡುತ್ತೇನೆ. ನಾಲ್ಕೂ ಓಡಲಿ ಎಂಬ ಆಸೆ ತಪ್ಪಲ್ಲ. ಅದಕ್ಕಾಗಿ ಕಂಡವರ ಪ್ಲಗ್ಗು ಸಿಗಿಸುವುದು ತಪ್ಪು. ದುಡ್ಡು ಕೊಟ್ಟವನ ಕೈಗೆ ಒಂದು ಸ್ವಿಚ್ಚು ಕೊಡದೆ ಅವನನ್ನು ಪ್ಲಗ್ಗಿನ ಅಂಗಡಿಗೆ ಅಟ್ಟುವ ಕಾರು ಕಂಪೆನಿಯದು ಅದಕ್ಕಿಂತ ದೊಡ್ಡ ತಪ್ಪು.

ಮೊದಲು ಈ ಸಿಲಿಂಡರು ನಿಲ್ಲಿಸುವ ವಿದ್ಯೆ ಏನೆಂದು ನೋಡೋಣ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನಿಂತು ಎಳನೀರು ಕುಡಿಯುವಾಗ ಕೊಳವೆಯನ್ನು ಬೆರಳಲ್ಲಿ ಒತ್ತಿಹಿಡಿದು ಎಳೆದು ನೋಡಿ. ಕೆನ್ನೆ ಒಳಕ್ಕೆ ಹೋಗುತ್ತದೆ, ನೀರು ಮಾತ್ರ ಬರುವುದಿಲ್ಲ. ನಿಧಾನಕ್ಕೆ ಹೋಗುವ ಪೆಟ್ರೋಲ್ ಎಂಜಿನ್ನಿನ ಕಷ್ಟವೂ ಇದೇ. ಗಾಳಿ ಬರುವ ಥ್ರಾಟಲ್ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ, ನಾಲ್ಕು ಪಿಸ್ಟನ್ನುಗಳೂ ಆ ಸಂದಿಯಲ್ಲೇ ಗಾಳಿ ಎಳೆಯಬೇಕು. ಹಾಗೆ ಏದುಸಿರು ಬಿಡುವುದಕ್ಕೇ ಒಂದಿಷ್ಟು ಪೆಟ್ರೋಲು ಖರ್ಚಾಗುತ್ತದೆ. ಎರಡು ಸಿಲಿಂಡರಿನ ವಾಲ್ವುಗಳನ್ನು ಪೂರಾ ಮುಚ್ಚಿ, ಅವಕ್ಕೆ ಪೆಟ್ರೋಲು ನಿಲ್ಲಿಸಿಬಿಟ್ಟರೆ ಉಳಿದೆರಡಕ್ಕೆ ಭಾರ ಹೆಚ್ಚುತ್ತದೆ. ಆಗ ಥ್ರಾಟಲ್ ಬಾಗಿಲು ಅಗಲವಾಗಿ ತೆರೆಯುತ್ತದೆ, ಉಸಿರು ಸಲೀಸಾಗುತ್ತದೆ. ಸುಮ್ಮನಿರುವ ಸಿಲಿಂಡರುಗಳಲ್ಲೂ ಪಿಸ್ಟನ್ನು ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ಅಮುಕಿಸಿಕೊಂಡು ಮತ್ತೆ ಒದೆಯುತ್ತದೆ. ಇಷ್ಟೇ ಗುಟ್ಟು. ಮೋಸವಲ್ಲ, ಒಳ್ಳೆಯ ಎಂಜಿನಿಯರಿಂಗ್.

ನಮ್ಮ ಕಡೆ ಈ ವಿದ್ಯೆ ಸಾಮಾನ್ಯ ಗಿರಾಕಿಯ ಕೈಗೆ ಬಂದದ್ದು ಫೋಕ್ಸ್‌ವ್ಯಾಗನ್ ಬಳಗದ 1.5 ಲೀಟರಿನ ಟಿಎಸ್‌ಐ ಪೆಟ್ರೋಲ್ ಎಂಜಿನ್ನಿನ ಮೂಲಕ. 2021ರಲ್ಲಿ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್, 2022ರಲ್ಲಿ ಸ್ಲಾವಿಯಾ ಮತ್ತು ವರ್ಟಸ್ ಈ ಎಂಜಿನ್ನು ಹೊತ್ತು ಬಂದವು. ಪೂರ್ತಿ ಕೆಲಸ ಮಾಡಿದರೆ 150 ಅಶ್ವಶಕ್ತಿ. ಭಾರ ಕಡಿಮೆಯಿದ್ದಾಗ ನಡುವಿನ ಎರಡನೆಯ, ಮೂರನೆಯ ಸಿಲಿಂಡರುಗಳು ರಜೆ ಹಾಕುತ್ತವೆ. ಕ್ಯಾಮ್ ಶಾಫ್ಟಿನ ಮೇಲಿನ ತೋಳೊಂದು ವಿದ್ಯುತ್ ಅಯಸ್ಕಾಂತದ ಬಲದಿಂದ ಪಕ್ಕಕ್ಕೆ ಸರಿಯುತ್ತದೆ, ಶಾಫ್ಟು ಅರ್ಧ ಸುತ್ತು ಸುತ್ತುವಷ್ಟರಲ್ಲಿ ಬದಲಾವಣೆ ಮುಗಿದಿರುತ್ತದೆ. ಆಕ್ಸಿಲೇಟರ್ ಒತ್ತಿದರೆ ಸಾಕು, ನಾಲ್ಕೂ ಮತ್ತೆ ಹಾಜರು.

ಇದರಿಂದ ಉಳಿತಾಯ ಎಷ್ಟು? ಇದೇ ವಿದ್ಯೆಯನ್ನು ಫೋಕ್ಸ್‌ವ್ಯಾಗನ್ 2012ರಲ್ಲಿ ಯೂರೋಪಿನ ಪೋಲೋ ಕಾರಿನ 1.4 ಲೀಟರ್ ಎಂಜಿನ್ನಿಗೆ ಮೊದಲು ಹಾಕಿದಾಗ ಹೇಳಿಕೊಂಡ ಲೆಕ್ಕ 100 ಕಿಲೋಮೀಟರಿಗೆ ಸುಮಾರು 0.4 ಲೀಟರ್. ಅದು ಅಲ್ಲಿನ ಪರೀಕ್ಷೆಯ ಲೆಕ್ಕ, ಅಲ್ಲಿನ ರಸ್ತೆಯ ಲೆಕ್ಕ. ಹಾಗೇ ಒಪ್ಪಿಕೊಂಡರೂ ಮಂಡ್ಯದಿಂದ ಬೆಂಗಳೂರಿಗೆ ಹೋದರೆ ಸುಮಾರು 40 ರೂಪಾಯಿ ಮಿಕ್ಕೀತು. ಇಬ್ಬರಿಗೆ ಮದ್ದೂರು ವಡೆ, ಕಾಫಿಗೆ ಆದೀತೋ ಆಗದೋ!

ಆ 40 ರೂಪಾಯಿಯಾದರೂ ಎಲ್ಲಿ ಮಿಕ್ಕುತ್ತದೆ ಎಂಬುದು ಮುಖ್ಯ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕಾಲು ಅಲುಗಿಸದೆ ಹೋಗುತ್ತೀರಲ್ಲ, ಅಲ್ಲಿ ಈ ವಿದ್ಯೆಗೆ ಕೆಲಸ ಉಂಟು. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಕಡೆ ತಿರುಗಿ ನೋಡಿ. ಮುಂದೆ ಕಬ್ಬಿನ ಟ್ರಾಕ್ಟರು, ಅದರ ಮುಂದೆ ಎತ್ತಿನ ಗಾಡಿ, ಆಮೇಲೊಂದು ಹಂಪು, ಹಂಪಿನ ಪಕ್ಕದಲ್ಲಿ ರಾಗಿ ಒಕ್ಕಣೆ. ಬ್ರೇಕು, ಗೇರು, ಆಕ್ಸಿಲೇಟರ್, ಮತ್ತೆ ಬ್ರೇಕು. ಇಲ್ಲಿ ಎರಡು ಸಿಲಿಂಡರು ರಜೆ ಹಾಕುವುದಿರಲಿ, ನಾಲ್ಕಕ್ಕೂ ಓವರ್‌ಟೈಮು! ಅಂದಮೇಲೆ ನಮ್ಮ ತಾಲ್ಲೂಕಿನೊಳಗೇ ಓಡಾಡುವವನಿಗೆ ಈ ವ್ಯವಸ್ಥೆ ಲಾಭ ಕೊಡುವುದೂ ಅಷ್ಟಕ್ಕಷ್ಟೆ, ತೊಂದರೆ ಕೊಡುವುದೂ ಅಷ್ಟಕ್ಕಷ್ಟೆ.

ಹಾಗಿದ್ದ ಮೇಲೆ ಪ್ಲಗ್ಗಿನ ಗಲಾಟೆ ಎಲ್ಲಿಂದ ಬಂತು? ಅಮೆರಿಕದಿಂದ. ಅಲ್ಲಿ ಈ ಜಗಳ ಹಳೆಯದು. 1981ರಲ್ಲಿ ಕ್ಯಾಡಿಲಾಕ್ ಕಂಪೆನಿ ಎಂಟು, ಆರು, ನಾಲ್ಕು ಸಿಲಿಂಡರುಗಳ ನಡುವೆ ತಾನೇ ಬದಲಾಯಿಸಿಕೊಳ್ಳುವ ಕಾರು ಬಿಟ್ಟಿತು. ಆ ಕಾಲದ ಕಂಪ್ಯೂಟರಿಗೆ ಅಷ್ಟು ಚುರುಕು ಎಲ್ಲಿಂದ ಬರಬೇಕು? ಕಾರು ಎಳೆದಾಡಿತು, ಒದರಿತು. ಸಾಕಪ್ಪಾ ಸಾಕು ಎಂದು ಡೀಲರುಗಳೇ ಒಂದು ವೈರು ಕಿತ್ತು ಎಂಟೂ ಸಿಲಿಂಡರು ಸದಾ ಓಡುವಂತೆ ಮಾಡಿಕೊಟ್ಟರು. ಎರಡು ದಶಕ ಕಳೆದ ಮೇಲೆ 2005ರ ಹೊತ್ತಿಗೆ ಜನರಲ್ ಮೋಟರ್ಸ್ ತನ್ನ ಎಂಟು ಸಿಲಿಂಡರಿನ ಟ್ರಕ್ಕುಗಳಿಗೆ ಮತ್ತೆ ಇದನ್ನು ತಂದಿತು. ಅದರಲ್ಲಿ ವಾಲ್ವು ಎತ್ತುವ ಲಿಫ್ಟರುಗಳನ್ನೇ, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಟ್ಯಾಪೆಟ್ಟುಗಳನ್ನೇ, ಆಯಿಲ್ ಒತ್ತಡದಿಂದ ಮಡಚಿಕೊಳ್ಳುವಂತೆ ಮಾಡಿದ್ದರು. ಮಡಚಿದ್ದು ಸರಿಯಾಗಿ ಬಿಚ್ಚಿಕೊಳ್ಳದೆ ಟ್ಯಾಪೆಟ್ಟು ಹಾಳಾದರೆ ಅದರ ಜೊತೆಗೆ ಕ್ಯಾಮ್ ಶಾಫ್ಟೂ ಹಾಳು. ದೂರು ಬಂದವು, ದಾವೆ ಹೂಡಿದರು. ಹೋಂಡಾದ ಆರು ಸಿಲಿಂಡರಿನ ಕಾರುಗಳಲ್ಲಿ ಆಯಿಲ್ ಕುಡಿಯುವ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುವ ತಕರಾರು ಎದ್ದು, 2013ರಲ್ಲಿ ಕಂಪೆನಿ ಅಮೆರಿಕದ ನ್ಯಾಯಾಲಯದಲ್ಲಿ ರಾಜಿಗೆ ಬಂದು ಎಷ್ಟೋ ಕಾರುಗಳ ವಾರಂಟಿ ಹೆಚ್ಚಿಸಿತು.

ಈ ಭಯದಿಂದ ಹುಟ್ಟಿದ್ದೇ ಪ್ಲಗ್ಗು. ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ಟು ಇರುತ್ತದೆ, ಸರ್ವೀಸಿಗೆ ಬಿಟ್ಟಾಗ ಕಂಪ್ಯೂಟರ್ ಸಿಗಿಸಿ ಕಾರಿನ ನಾಡಿ ನೋಡುತ್ತಾರಲ್ಲ, ಅದೇ. ಅಲ್ಲಿ ಈ ಪ್ಲಗ್ಗು ಕೂರುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ “ಸಿಲಿಂಡರು ನಿಲ್ಲಿಸಬೇಡ” ಎಂಬ ಸಂದೇಶವನ್ನು ಬಿಡದೆ ಹೇಳುತ್ತಿರುತ್ತದೆ. ಕಿತ್ತರೆ ಕಾರು ಮೊದಲಿನಂತೆ. ಹೋಂಡಾಕ್ಕೆ ಬಂದ ಉಪಾಯ ಬೇರೆ. ನೀರಿನ ಬಿಸಿ ಅಳೆಯುವ ಸೆನ್ಸಾರಿಗೆ ನಡುವೆ ಅಡ್ಡ ಕೂತು, ಎಂಜಿನ್ನು ಇನ್ನೂ ತಣ್ಣಗಿದೆ ಎಂದು ಸುಳ್ಳು ಹೇಳುವುದು. ತಣ್ಣಗಿರುವ ಎಂಜಿನ್ನಿನಲ್ಲಿ ಸಿಲಿಂಡರು ನಿಲ್ಲಿಸಬಾರದು ಎಂಬ ನಿಯಮವಿದ್ದುದರಿಂದ ನಾಟಕ ನಡೆಯುತ್ತದೆ.

ಈ ನಾಟಕ ನಮಗೇನು ಹೊಸದೇ? ಅಂಬಾಸಿಡರ್ ಕಾಲದಲ್ಲಿ “ನಮ್ಮೂರ್ ಬಿಸ್ಲಿಗೆ ಇದ್ಯಾಕ್ ಬೇಕು” ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕಿದವರು ಎಷ್ಟು ಜನ! ಎಂಜಿನ್ನು ತಕ್ಕ ಬಿಸಿಗೆ ಬರದೆ ಪೆಟ್ರೋಲು ಕುಡಿದದ್ದು, ಬೋರು ಸವೆದದ್ದು ಆಮೇಲಿನ ಕಥೆ. ಸೆನ್ಸಾರಿಗೆ ಸುಳ್ಳು ಹೇಳುವವನೂ ಅದೇ ಜಾತಿಯವನು. ಕಾರಿಗೆ ನಿಜವಾಗಿ ಜ್ವರ ಬಂದ ದಿನ ಆ ಸೆನ್ಸಾರಿನ ಮಾತನ್ನು ನಂಬುವುದು ಹೇಗೆ?

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಬೇಕೆಂದು ಕೇಳುತ್ತೇನೆ. ಜನರಲ್ ಮೋಟರ್ಸಿನ ರೋಗ ಆಯಿಲ್ ಒತ್ತಡದಲ್ಲಿ ಮಡಚುವ ಟ್ಯಾಪೆಟ್ಟಿನದು. ನಮ್ಮಲ್ಲಿ ಓಡುವ 1.5 ಲೀಟರ್ ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಕ್ಯಾಮ್ ಶಾಫ್ಟಿನ ಮೇಲೆ ಸರಿಯುವ ತೋಳು. ಎರಡೂ ಬೇರೆ ಯಂತ್ರ. ಪಕ್ಕದ ಮನೆಯವನ ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದ ಮಾತ್ರೆ ನಾವು ನುಂಗಿದ ಹಾಗೆ, ಅಮೆರಿಕದ ಟ್ರಕ್ಕಿನ ಭಯಕ್ಕೆ ಹುಟ್ಟಿದ ಪ್ಲಗ್ಗನ್ನು ಮಂಡ್ಯದ ಕಾರಿಗೆ ಸಿಗಿಸಿದರೆ ಏನು ಪ್ರಯೋಜನ? ಫೋನಿನಲ್ಲಿ ವಿಡಿಯೋ ನೋಡಿದ್ದೊಂದೇ ಆಧಾರ!

ಪ್ರಯೋಜನವಿಲ್ಲದಿದ್ದರೆ ಹೋಗಲಿ, ಅಪಾಯವಿದೆ. ಆ ಸಾಕೆಟ್ಟು ಬರೀ ಓದುವ ಕಿಟಕಿಯಲ್ಲ, ಒಳಕ್ಕೆ ಹೋಗುವ ಬಾಗಿಲು. ಎಂಜಿನ್ನು, ಬ್ರೇಕು, ಏರ್‌ಬ್ಯಾಗಿನ ಕಂಪ್ಯೂಟರುಗಳೆಲ್ಲ ಮಾತಾಡಿಕೊಳ್ಳುವ ತಂತಿಗೆ ಅದೇ ದಾರಿ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು, ವಿಮೆಯ ಲೆಕ್ಕಕ್ಕಾಗಿ ಇದೇ ಸಾಕೆಟ್ಟಿಗೆ ಹಾಕುವ ಪ್ಲಗ್ಗೊಂದರ ಮೂಲಕ ಕಾರ್ವೆಟ್ ಕಾರಿನೊಳಗೆ ನುಗ್ಗಿದರು. ಮೊಬೈಲಿನಿಂದ ಎಸ್ಸೆಮ್ಮೆಸ್ ಕಳಿಸಿ ವೈಪರು ಆಡಿಸಿದರು. ಕಾರು ನಿಧಾನಕ್ಕೆ ಹೋಗುತ್ತಿದ್ದಾಗ ಬ್ರೇಕು ಹಿಡಿಯದಂತೆ ಮಾಡಿ ತೋರಿಸಿದರು. ಕಾರಿಗೆ ಯಾವ ಗಾಯವೂ ಇರಲಿಲ್ಲ, ಬಾಗಿಲು ತೆರೆದಿಟ್ಟದ್ದು ಪ್ಲಗ್ಗು. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಗೊತ್ತಿಲ್ಲದ ಡಬ್ಬಿಯನ್ನು ಹೆಂಡತಿ ಮಕ್ಕಳು ಕೂರುವ ಕಾರಿನ ನರಕ್ಕೆ ಚುಚ್ಚುತ್ತೀರಾ?

ಇನ್ನೊಂದು ಬಗೆಯ ಪ್ಲಗ್ಗು ಇದೆ. ಅದು ಅಪಾಯವೂ ಅಲ್ಲ, ಉಪಾಯವೂ ಅಲ್ಲ, ಬರೀ ನಾಮ! ನೂರಿನ್ನೂರು ರೂಪಾಯಿಗೆ “ಮೈಲೇಜು ಹೆಚ್ಚಿಸುತ್ತದೆ, ಪಿಕಪ್ಪು ಹೆಚ್ಚಿಸುತ್ತದೆ” ಎಂದು ಬರುತ್ತದಲ್ಲ, ಅಂಥದೊಂದನ್ನು ವಿದೇಶದ ತಜ್ಞರು ಬಿಚ್ಚಿ ನೋಡಿದರು. ಬಣ್ಣದ ದೀಪ ಮಿಣುಕಿಸುವುದು ಬಿಟ್ಟರೆ ಕಾರಿಗೆ ಒಂದು ಸಂದೇಶವನ್ನೂ ಅದು ಕಳಿಸುತ್ತಿರಲಿಲ್ಲ. ಜಾತ್ರೆಯಲ್ಲಿ ಕೊಂಡ ಗಿಲೀಟು ಸರಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಆದರೆ ಸರ ಕಾರಿನ ಬ್ಯಾಟರಿ ಹೀರುವುದಿಲ್ಲ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. 2019ರ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸಬಹುದು. ಪ್ಲಗ್ಗು ಈ ಕಲಮಿಗೆ ಸಿಗುತ್ತದೆಯೋ ಇಲ್ಲವೋ ಎಂದು ವಕೀಲರು ವಾದಿಸಲಿ. ಆದರೆ 15–20 ಲಕ್ಷ ಕೊಟ್ಟು, ಏಳು ವರ್ಷದ ಕಂತು ಹೊತ್ತು ತಂದ ಕಾರಿನ ಎಂಜಿನ್ನು ನಾಳೆ ಕೆಟ್ಟರೆ, “ನೀವು ಹೊರಗಿನ ಸಾಮಾನು ಹಾಕಿದ್ದೀರಿ” ಎಂಬ ಒಂದೇ ವಾಕ್ಯದಲ್ಲಿ ವಾರಂಟಿ ಕೈಬಿಡಲು ಸರ್ವೀಸ್ ಸೆಂಟರಿಗೆ ನೀವೇ ಕಾರಣ ಒದಗಿಸಿದಂತೆ ಆಗುವುದಿಲ್ಲವೇ?

ಇಷ್ಟು ಹೇಳಿ ಪ್ಲಗ್ಗು ಹಾಕುವವನಿಗೆ ಬುದ್ಧಿ ಹೇಳಿ ಕೈತೊಳೆದುಕೊಂಡರೆ ಅದು ಅರ್ಧ ನ್ಯಾಯ. ನಮ್ಮ ರೈತರು ತ್ರೀ ಫೇಸ್ ಕರೆಂಟಿಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಪಂಪ್‌ಸೆಟ್ ಓಡಿಸಿ ಮೋಟರು ಸುಟ್ಟುಕೊಂಡರು. ತಪ್ಪು ಹೌದು. ಆದರೆ ಕಂಡೆನ್ಸರ್ ಹುಟ್ಟಿದ್ದು ಹೇಗೆ? ಗದ್ದೆ ಒಣಗುತ್ತಿರುವಾಗ ಹೊತ್ತಿಗೆ ಸರಿಯಾಗಿ ಕರೆಂಟು ಕೊಡದೆ ಇದ್ದುದರಿಂದ. ಪ್ಲಗ್ಗಿನ ಜಾತಕವೂ ಹೀಗೆಯೇ. ಕಾರಿನವನಿಗೆ ಬೇಕಾದ್ದನ್ನು ಕಂಪೆನಿ ನೇರವಾಗಿ ಕೊಡದಿದ್ದಾಗ ಅವನು ಅಡ್ಡದಾರಿ ಹಿಡಿಯುತ್ತಾನೆ.

ಕಂಪೆನಿಗೆ ಅದೇನು ದೊಡ್ಡ ಕೆಲಸವೇ? ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನನ್ನೇ ಆಫ್ ಮಾಡಿ, ಕ್ಲಚ್ಚು ಒತ್ತಿದಾಗ ಮತ್ತೆ ಸ್ಟಾರ್ಟ್ ಮಾಡುವ ವ್ಯವಸ್ಥೆ ಎಷ್ಟೋ ಕಾರುಗಳಲ್ಲಿದೆ. ಅದೂ ಪೆಟ್ರೋಲು ಉಳಿಸುವುದಕ್ಕೇ ಇರುವುದು. ಬೇಡವೆನ್ನುವವನಿಗೆ ಒತ್ತಿ ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲೇ ಸ್ವಿಚ್ಚು ಕೊಟ್ಟಿರುತ್ತಾರೆ. ಕಾರನ್ನು ಮತ್ತೊಮ್ಮೆ ಸ್ಟಾರ್ಟ್ ಮಾಡಿದಾಗ ವ್ಯವಸ್ಥೆ ತಾನಾಗಿ ವಾಪಸು ಬರುತ್ತದೆ. ಅದಕ್ಕೆ ಇರುವ ಸ್ವಿಚ್ಚು ಇದಕ್ಕೆ ಯಾಕಿಲ್ಲ? ಎಂಜಿನ್ನನ್ನು ಪೂರ್ತಿ ನಿಲ್ಲಿಸುವ ವಿಚಾರದಲ್ಲಿ ಮಾಲೀಕನ ಇಷ್ಟ ಕೇಳುವವರು ಅರ್ಧ ನಿಲ್ಲಿಸುವ ವಿಚಾರದಲ್ಲಿ ಯಾಕೆ ಕೇಳುವುದಿಲ್ಲ?

ನಾನು ಕಂಡ ಯಂತ್ರದ ಧರ್ಮವೇ ಬೇರೆ. ಎರಡು ಬಣ್ಣದ ಆಫ್‌ಸೆಟ್ ಮಿಷನ್ನಿನಲ್ಲಿ ಬರೀ ಕಪ್ಪು ಅಕ್ಷರದ ಕರಪತ್ರ ಹೊಡೆಯುವಾಗ ಎರಡನೆಯ ಯುನಿಟ್ಟನ್ನು ಕಾಗದಕ್ಕೆ ತಾಗದಂತೆ ಬಿಡಿಸಿಡುತ್ತೇವೆ. ಅದೂ ಉಳಿತಾಯವೇ. ಆದರೆ ಆ ಹಿಡಿ ಮಿಷನ್ ಮ್ಯಾನ್ ಕೈಯಲ್ಲಿರುತ್ತದೆ. ಜರ್ಮನಿಯಲ್ಲಿ ಕೂತ ಎಂಜಿನಿಯರು ಅಚ್ಚಿನ ನಡುವೆ ಅದನ್ನು ಎಳೆಯುವುದಿಲ್ಲ. ಯಂತ್ರ ಓಡಿಸುವವನಿಗೆ ತನ್ನ ಯಂತ್ರದಲ್ಲಿ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಗೊತ್ತಿರಬೇಕು, ಬದಲಾಯಿಸುವ ಅಧಿಕಾರವೂ ಇರಬೇಕು.

“ಸ್ವಿಚ್ಚು ಕೊಟ್ಟರೆ ಜನ ಆಫ್ ಮಾಡುತ್ತಾರೆ, ಪೆಟ್ರೋಲು ಹೆಚ್ಚು ಸುಡುತ್ತದೆ, ಸರ್ಕಾರದ ಲೆಕ್ಕ ತಪ್ಪುತ್ತದೆ” ಎಂದು ಕಂಪೆನಿಯವರು ಹೇಳಬಹುದು. ಆ ಮಾತಿನಲ್ಲಿ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ಒಂದು ಕಂಪೆನಿಯ ಕಾರುಗಳೆಲ್ಲ ಸೇರಿ ಸರಾಸರಿ ಎಷ್ಟು ಇಂಧನ ಸುಡಬಹುದು ಎಂಬ ಮಿತಿ 2017ರಿಂದ ನಮ್ಮ ದೇಶದಲ್ಲಿದೆ, 2022ರಲ್ಲಿ ಅದು ಇನ್ನೂ ಬಿಗಿಯಾಯಿತು. ಗಾಳಿ ಎಲ್ಲರದೂ ಹೌದು. ಆದರೆ 2021ರಲ್ಲಿ ಚಿಪ್ಪಿನ ಬರ ಬಂದಾಗ ಅದೇ ಜನರಲ್ ಮೋಟರ್ಸ್ ಏನು ಮಾಡಿತು? ಕೆಲವು ಟ್ರಕ್ಕುಗಳಿಗೆ ಸಿಲಿಂಡರು ನಿಲ್ಲಿಸುವ ವ್ಯವಸ್ಥೆಯನ್ನು ನಡೆಸುವ ಭಾಗವನ್ನೇ ಹಾಕದೆ ಮಾರಿತು. ಗ್ಯಾಲನ್ನಿಗೆ ಸುಮಾರು ಒಂದು ಮೈಲಿ ಕಡಿಮೆ ಓಡುತ್ತದೆ ಎಂದು ತಾನೇ ಹೇಳಿತು. ತಮಗೆ ಸಾಮಾನು ಸಿಗದಾಗ ಎಲ್ಲ ಸಿಲಿಂಡರು ಓಡಬಹುದು, ಮಾಲೀಕ ಕೇಳಿದಾಗ ಓಡಬಾರದು. ಇದ್ಯಾವ ಊರಿನ ನ್ಯಾಯ?

ಗಾಳಿಯ ಹೆಸರಿನಲ್ಲಿ ನಮಗೆ ಪಾಠ ಹೇಳುವವರ ಹಳೆಯ ಮಾರ್ಕ್ಸ್ ಕಾರ್ಡನ್ನೂ ಸ್ವಲ್ಪ ನೋಡಬೇಕು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ನಿನ ಬಣ್ಣ ಬಯಲು ಮಾಡಿತು. ಪರೀಕ್ಷೆಯ ಹೊತ್ತಿಗೆ ಸಾಧು, ರಸ್ತೆಗೆ ಇಳಿದರೆ ಹೊಗೆಯ ರಾಕ್ಷಸ ಎಂಬಂತೆ ಡೀಸೆಲ್ ಕಾರುಗಳ ಸಾಫ್ಟ್‌ವೇರಿನಲ್ಲೇ ಗುಪ್ತ ಸ್ವಿಚ್ಚು ಇಟ್ಟಿದ್ದರು. ಜಗತ್ತಿನಲ್ಲಿ ಅಂಥ ಕಾರು ಸುಮಾರು 1.1 ಕೋಟಿ. ನಮ್ಮ ದೇಶದಲ್ಲೂ 3.23 ಲಕ್ಷ ಕಾರುಗಳನ್ನು ವಾಪಸು ಕರೆಸಿ ಸರಿಪಡಿಸುವುದಾಗಿ ಕಂಪೆನಿ ಪ್ರಕಟಿಸಬೇಕಾಯಿತು. ಕಂಪೆನಿಗೆ ತಾನು ಬಚ್ಚಿಡುವ ಸ್ವಿಚ್ಚು ಇಡಲು ಬರುತ್ತದೆ. ಗಿರಾಕಿಗೆ ಕಾಣುವ ಸ್ವಿಚ್ಚು ಇಡಲು ಮಾತ್ರ ಜಾಗವಿಲ್ಲ!

ಸ್ವಿಚ್ಚಿನ ಜೊತೆಗೆ ಇನ್ನೂ ಒಂದು ಬೇಕು, ಅದು ತಿಳಿವಳಿಕೆ. ಎರಡು ಸಿಲಿಂಡರು ಯಾವಾಗ ನಿಲ್ಲುತ್ತವೆ, ಯಾಕೆ ನಿಲ್ಲುತ್ತವೆ, ಆಗ ಬರುವ ಸಣ್ಣ ನಡುಕ ಸಹಜವೋ ರೋಗವೋ ಎಂದು ಮಾಲೀಕನಿಗೆ ಅವನ ಮಾತಿನಲ್ಲಿ ಹೇಳಬೇಕು. ಮೀಟರಿನಲ್ಲಿ ಇಂಗ್ಲಿಷಿನ ಒಂದು ಸಾಲು ಮಿಂಚಿ ಮಾಯವಾದರೆ ಕೊಪ್ಪದ ರೈತನಿಗೆ, ಹಲಗೂರಿನ ಮೇಷ್ಟರಿಗೆ ಏನು ತಿಳಿಯಬೇಕು? ತಿಳಿಯದ್ದಕ್ಕೇ ಭಯ, ಭಯಕ್ಕೇ ಪ್ಲಗ್ಗು. ಹತ್ತು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಕಾರಿನ ಜೊತೆ ಕೊಟ್ಟರೆ ಆ ಭಯದ ಮುಕ್ಕಾಲು ಪಾಲು ಅಲ್ಲೇ ಸಾಯುತ್ತದೆ. 15 ಲಕ್ಷದ ಸಾಮಾನಿಗೆ ಹತ್ತು ಪುಟದ ಕಾಗದ ಭಾರವೇ? ಅಚ್ಚಿನ ಖರ್ಚು ಎಷ್ಟೆಂದು ನನ್ನನ್ನು ಕೇಳಿ, ಹೇಳುತ್ತೇನೆ. ಕಾರಿಗೆ ಕಟ್ಟುವ ಹೂವಿನ ಹಾರಕ್ಕಿಂತ ಕಡಿಮೆ.

ಆದ್ದರಿಂದ ಕಾರಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಪ್ಲಗ್ಗಿನ ಅಂಗಡಿಗೆ ಹೋಗುವ ಕಾಲನ್ನು ಶೋರೂಮಿನ ಕಡೆ ತಿರುಗಿಸಿ. ಬಾಯಿಮಾತು ಬೇಡ, ಕಾಗದದಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ. ನನ್ನ ಕಾರಿನಲ್ಲಿ ಈ ವ್ಯವಸ್ಥೆ ಇದೆಯೇ? ಇದನ್ನು ನಿಲ್ಲಿಸಲು ಕಂಪೆನಿಯೇ ಒಪ್ಪಿದ ದಾರಿ ಇದೆಯೇ? ಇಲ್ಲದಿದ್ದರೆ ಯಾಕಿಲ್ಲ? ಇದರಿಂದ ಕೆಡುವ ಭಾಗಕ್ಕೆ ವಾರಂಟಿ ಎಷ್ಟು ವರ್ಷ? ಮೊಹರು ಹಾಕಿದ ಸ್ವೀಕೃತಿ ತೆಗೆದುಕೊಳ್ಳಿ. ಕೊಂಡ ವಸ್ತುವಿನ ಗುಣ, ಗುಣಮಟ್ಟ ತಿಳಿಯುವುದು ಗಿರಾಕಿಯ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಶುರು ಮಾಡಿದ ವ್ಯವಸ್ಥೆಯಲ್ಲಿ ವಾಹನಗಳೂ ಸೇರಿವೆ. ಉತ್ತರ ಬರದೆ ನಷ್ಟವಾದರೆ ಮಂಡ್ಯದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಒಬ್ಬ ಕೇಳಿದರೆ ಮೂಲೆಗೆ ಬಿಸಾಕುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯಿಂದ ನೂರು ಕಾಗದ ಹೋದರೆ ಆ ಮೂಲೆಯೇ ತುಂಬುತ್ತದೆ.

ಕಂಪೆನಿಯವರಿಗೂ ಒಂದು ಮಾತು. ನಿಮ್ಮ ಎರಡು ಸಿಲಿಂಡರಿನ ವಿದ್ಯೆ ನಿಜವಾಗಿ ಅಷ್ಟು ಚೆನ್ನಾಗಿದ್ದರೆ ಸ್ವಿಚ್ಚಿಗೆ ಹೆದರುವುದೇಕೆ? ಒಳ್ಳೆಯದನ್ನು ಜನ ತಾವಾಗಿಯೇ ಆನ್ ಇಟ್ಟುಕೊಳ್ಳುತ್ತಾರೆ. ಮಂಡ್ಯದವರಿಗೆ ಬೆಲ್ಲ ತಿನ್ನಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.